ರಾಹುಕಾಲಕ್ಕೆ ಹೋಗುವ ವೈಫೈ

ಹತ್ತು ಮೂವತ್ತೇಳಕ್ಕೆ ವೈಫೈ ಹೋಯಿತು.

"ನೋಡಿ ಸರ್, ಹೋಯ್ತು," ಎಂದಳು ಭವ್ಯ. ದನಿಯಲ್ಲಿ ಗಾಬರಿಯಿರಲಿಲ್ಲ, ಸಮಾಧಾನವಿತ್ತು. ಡಾಕ್ಟರ ಎದುರಿಗೇ ಕೆಮ್ಮು ಬಂದರೆ ರೋಗಿಗೆ ಆಗುತ್ತದಲ್ಲ, ಅಂಥ ಸಮಾಧಾನ.

ನಾನು ವಾಚು ನೋಡುತ್ತ ಕೂತೆ. ನಲವತ್ತು ಸೆಕೆಂಡಿಗೆ ವೈಫೈ ವಾಪಸು ಬಂತು. ಎರಡು ನಿಮಿಷ ನೆಟ್ಟಗಿತ್ತು. ಮತ್ತೆ ಹೋಯಿತು.

ಮೂರು ವಾರದ ಹಿಂದೆ, ಇಂಥದೇ ಶುಕ್ರವಾರ, ಇದೇ ಹೊತ್ತಿನಲ್ಲಿ, ಮುದುಕಿ ಕೆಂಚಮ್ಮ ತನ್ನ ತಿರುಮಣಿಯ ಭೂಮಿಯ ಹಕ್ಕನ್ನು ಅಣ್ಣನ ಮಗನಿಗೆ ಬಿಟ್ಟುಕೊಟ್ಟಳೆಂಬ ಪತ್ರ ಭವ್ಯಳ ಲಾಗಿನ್‌ನಿಂದ ಸರ್ಕಾರಿ ಜಾಲತಾಣ ಸೇರಿತ್ತು. ಕಳಿಸಿದ್ದು ನಾನಲ್ಲ, ಆಗ ವೈಫೈಯೇ ಇರಲಿಲ್ಲ ಎಂದು ಭವ್ಯ ಹೇಳುತ್ತಿದ್ದಳು, ನಂಬುವವರಿರಲಿಲ್ಲ.

ನಂಬದವರಲ್ಲಿ ನಾನೂ ಒಬ್ಬ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಮಧುಗಿರಿಯ ಕುಮಾರಸ್ವಾಮಿ. ಬಸ್‌ಸ್ಟ್ಯಾಂಡಿನ ಹಿಂದೆ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ವೈಫೈ ಪೆಟ್ಟಿಗೆ ಮಿಣುಕುತ್ತಿದ್ದರೂ ಅರ್ಧಕ್ಕರ್ಧ ನಾನೇ ಗೋಡೆಗೆ ಹೊಡೆದದ್ದು. ಕಳೆದುಹೋದ ಫೋನು, ಅಳಿಸಿಹೋದ ಫೋಟೋ ಹುಡುಕಿಕೊಟ್ಟು ಪತ್ತೇದಾರ ಅಂತ ಹೆಸರೂ ಬಂದಿದೆ. ತೋವಿನಕೆರೆಯ ಭವ್ಯಳ ಆನ್‌ಲೈನ್ ಸೇವಾ ಕೇಂದ್ರಕ್ಕೆ ಈ ವೈಫೈ ಕಾಟಕ್ಕೆಂದೇ ಇದು ನನ್ನ ನಾಲ್ಕನೆಯ ಭೇಟಿ. ಮೊದಲನೆಯ ಸಲ ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಬದಲಾಯಿಸಿದೆ. ಎರಡನೆಯ ಸಲ ಒಳಗಿನ ವೈಫೈ ಕಾರ್ಡನ್ನೇ ಬದಲಾಯಿಸಿದೆ. ಮೂರನೆಯ ಸಲ ನಡುಮನೆಯ ದೇವರ ಗೂಡಿನಲ್ಲಿದ್ದ ರೂಟರ್ ತೆಗೆದು ಬಾಗಿಲ ಮೇಲೆ ಹಾಕಿದೆ. ಹೋಗುವಾಗ, "ಲ್ಯಾಪ್‌ಟಾಪು ಹಳೇದಾಯ್ತಮ್ಮ, ನಂದೇನೂ ತಪ್ಪಿಲ್ಲ," ಎಂದು ಗದರಿ ಹೋಗಿದ್ದೆ.

ಇವತ್ತು ಗದರುವ ಹಾಗಿರಲಿಲ್ಲ. ಕೊರಟಗೆರೆಯ ಸಬ್ ಇನ್‌ಸ್ಪೆಕ್ಟರ್ ಆಶಾರಾಣಿ ಹನ್ನೆರಡು ಗಂಟೆಗೆ ಬರುತ್ತೇನೆಂದು ಹೇಳಿಕಳಿಸಿದ್ದರು. ಬಂದರೆ ಭವ್ಯಳನ್ನು ಜೀಪಿನಲ್ಲಿ ಕೂರಿಸಿಕೊಂಡೇ ಹೋಗುವುದು ಎಂದು ಊರಿಗೆಲ್ಲ ಗೊತ್ತಿತ್ತು. ಅವಳ ಗಂಡ ಶಿರಾದ ಕಡೆ ಕೆಲಸಕ್ಕೆ ಹೋಗುವವನು, ಇವತ್ತು ರಜ ಹಾಕಿ ಒಳಗಡೆ ಮಗುವನ್ನು ಮಲಗಿಸುತ್ತಿದ್ದ. ಮಗುವಿಗೆ ಇನ್ನೂ ಹತ್ತು ತಿಂಗಳು.

ಬಾಗಿಲ ಬಳಿ ಕೆಂಚಮ್ಮ ಕೂತಿದ್ದಳು. ತವರು ಪಾವಗಡ ತಾಲ್ಲೂಕಿನ ತಿರುಮಣಿ, ಮಾತಿನ ನಡುವೆ ತೆಲುಗು ನುಸುಳುತ್ತದೆ. ಈಗ ಮಗಳ ಮನೆ ತೋವಿನಕೆರೆಯಲ್ಲಿ. ಮೂರು ವಾರದಿಂದ ದಿನಾ ಬೆಳಿಗ್ಗೆ ಬಂದು ಇಲ್ಲೇ ಕೂತು, ಎಲೆಅಡಿಕೆ ಹಾಕಿಕೊಂಡು, ಭವ್ಯಳನ್ನು ನೋಡುತ್ತ ಸಂಜೆಗೆ ಎದ್ದು ಹೋಗುತ್ತಾಳೆ. ಬೈಯುವುದಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಭವ್ಯ ನನ್ನ ಹತ್ತಿರ ಅತ್ತಿದ್ದಳು.

"ಏಂದಪ್ಪಾ, ಸಿಕ್ತಾ?" ಎಂದಳು ಕೆಂಚಮ್ಮ.

"ನೋಡ್ತಾ ಇದೀನಿ ತಡಿಯಮ್ಮ."

"ನೋಡಾದೇನೈತೆ. ರಾಹುಕಾಲ್ದಾಗೆ ಹೋಯ್ತದೆ ಅಂತ ನಾನು ಮೊದ್ಲೇ ಅಂದಿವ್ನಿ. ನಾನು ದಿನಾ ಇಲ್ಲೇ ಕುಂತಿರ್ತೀನಲ್ಲ, ನಂಗೆ ಗೊತ್ತಿಲ್ವಾ. ಆ ಡಬ್ಬಕ್ಕೆ ದೃಷ್ಟಿ ತೆಗೀರಿ."

"ರೂಟರಿಗೆ ಯಾವ ರಾಹುಕಾಲನಮ್ಮ, ಸುಮ್ಕಿರು," ಎಂದೆ. ನನಗೆ ಮುಂಗೋಪ. ಅದರಲ್ಲೂ ಕೆಲಸ ಕೈಗೆ ಹತ್ತದಿದ್ದಾಗ ಎದುರಿಗಿರುವವರು ಯಾರಾದರೂ ಸರಿ, ಅವರ ಮೇಲೆ ಹಾಯುತ್ತೇನೆ.

ಭವ್ಯ ಗೋಡೆಯ ಕ್ಯಾಲೆಂಡರು ಕಿತ್ತು ನನ್ನ ಮುಂದಿಟ್ಟಳು. "ವೈಫೈ ಹೋದಾಗೆಲ್ಲ ಬರ್ದಿಡಿ ಅಂದಿದ್ರಲ್ಲ ಸರ್. ಬರ್ದಿದ್ದೀನಿ."

ಹೇಳಿದ್ದು ನಿಜ. ಪೀಡೆ ತೊಲಗಲಿ ಅಂತ ಹೇಳಿದ್ದೆ, ಅವಳು ಶ್ರದ್ಧೆಯಿಂದ ಬರೆದಿದ್ದಳು. ಮಂಗಳವಾರ ಮೂರು ಹತ್ತು. ಬುಧವಾರ ಹನ್ನೆರಡು ಐದು. ಗುರುವಾರ ಒಂದು ನಲವತ್ತು. ಶುಕ್ರವಾರ ಹತ್ತೂ ಮೂವತ್ತೈದು. ಶನಿವಾರ ಒಂಬತ್ತೂ ಕಾಲು. ಎರಡು ತಿಂಗಳು, ಎಲ್ಲ ವಾರವೂ ಹೆಚ್ಚುಕಮ್ಮಿ ಅದೇ ಹೊತ್ತು. ಭಾನುವಾರ ಅಂಗಡಿಯಿಲ್ಲ, ಅದು ಬಿಟ್ಟರೆ ಸೋಮವಾರದ ಮನೆಗಳು ಮಾತ್ರ ಖಾಲಿ.

ಅದೇ ಕ್ಯಾಲೆಂಡರಿನ ಕೆಳಗೆ ರಾಹುಕಾಲದ ಪಟ್ಟಿಯಿತ್ತು. ಮಂಗಳವಾರ ಮೂರರಿಂದ. ಬುಧವಾರ ಹನ್ನೆರಡರಿಂದ. ಗುರುವಾರ ಒಂದೂವರೆಯಿಂದ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು. ಭವ್ಯ ಬಾಗಿಲು ತೆಗೆಯುವುದೇ ಒಂಬತ್ತರ ಮೇಲೆ.

ನಾನು ಪಟ್ಟಿಯನ್ನು ಎರಡು ಸಲ ಓದಿದೆ. ಹಾಳಾದ್ದು, ಅಜ್ಜಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ನಾನೂ ನಿಂಬೆಹಣ್ಣು ಕಟ್ಟಿದ್ದೆ ಸರ್," ಎಂದಳು ಭವ್ಯ ಮೆಲ್ಲಗೆ. "ನೀವು ಬೈತೀರ ಅಂತ ಇವತ್ತು ಬೆಳಿಗ್ಗೆ ತೆಗೆದೆ."

ಬೈಯಲಿಲ್ಲ. ಯಂತ್ರಕ್ಕೆ ರಾಹು ಗೊತ್ತಿಲ್ಲ, ಕೇತು ಗೊತ್ತಿಲ್ಲ. ಗೊತ್ತಿರುವುದು ಮನುಷ್ಯನಿಗೆ. ರಾಹುಕಾಲದಲ್ಲಿ ಯಾರೋ ಏನೋ ಮಾಡುತ್ತಾರೆ, ಅಥವಾ ಮಾಡುವುದನ್ನು ಬಿಡುತ್ತಾರೆ. ಹಿಂದಿನ ಮೂರು ಸಲವೂ ನಾನು ನನ್ನ ಅನುಕೂಲ ನೋಡಿಕೊಂಡು ಸಂಜೆಯ ಹೊತ್ತು ಬಂದಿದ್ದೆ, ರೋಗ ಇರುವ ಹೊತ್ತಿಗೆ ಬಂದೇ ಇರಲಿಲ್ಲ.

ಫೋನು ತೆಗೆದೆ. ಸುತ್ತಮುತ್ತ ಯಾವ ಯಾವ ವೈಫೈ ಇದೆ, ಯಾವುದು ಎಷ್ಟು ಬಲವಾಗಿದೆ ಎಂದು ತೋರಿಸುವ ಆ್ಯಪ್ ಅದರಲ್ಲಿದೆ. ಮೊದಲನೆಯ ದಿನವೇ ತೆಗೆದು ನೋಡಬೇಕಿತ್ತು. ಯಾಕೆ ನೋಡಲಿಲ್ಲ ಎಂದರೆ ಸೋಮಾರಿತನ, ಇನ್ನೇನೂ ಅಲ್ಲ.

ಪಟ್ಟಿ ಬಂತು. ಕೆಎಸ್ ನೆಟ್ ಎಂದಿತ್ತು. ಅದು ನಾನು ಹಾಕಿದ ಹೆಸರು, ಬಾಗಿಲ ಮೇಲಿನ ರೂಟರಿನದು.

ಅದರ ಕೆಳಗೆ ಇನ್ನೊಂದು ಕೆಎಸ್ ನೆಟ್ ಇತ್ತು.

"ಭವ್ಯಾ, ಈ ಮನೇಲಿ ಎರಡು ರೂಟರ್ ಐತಾ?"

"ಒಂದೇ ಸರ್. ನೀವೇ ಹಾಕಿದ್ದು."

ಎರಡನೆಯದು ಮೊದಲಿನದಕ್ಕಿಂತ ಬಲವಾಗಿತ್ತು. ಲ್ಯಾಪ್‌ಟಾಪು ಪೆದ್ದು ಪ್ರಾಣಿ. ಒಂದೇ ಹೆಸರು, ಒಂದೇ ಪಾಸ್‌ವರ್ಡು ಇರುವ ಎರಡು ವೈಫೈ ಸಿಕ್ಕರೆ ಬಲವಾದದ್ದರ ಹಿಂದೆ ಹೋಗುತ್ತದೆ. ಅಲ್ಲಿ ನೆಟ್ ಕುಂಟಿದರೆ ಇಲ್ಲಿಗೆ ಬರುತ್ತದೆ. ಇಲ್ಲಿಂದ ಮತ್ತೆ ಅಲ್ಲಿಗೆ. ಭವ್ಯಳ ಕಣ್ಣಿಗೆ ಅದು ವೈಫೈ ಹೋಯಿತು, ಬಂತು. ಕೆಟ್ಟಿದ್ದೇನೂ ಇರಲಿಲ್ಲ, ಲ್ಯಾಪ್‌ಟಾಪು ಎರಡು ಮನೆಯ ನಡುವೆ ಓಡಾಡುತ್ತಿತ್ತು.

ಹೆಸರು ಯಾರು ಬೇಕಾದರೂ ಇಡಬಹುದು. ಪಾಸ್‌ವರ್ಡು ಗೊತ್ತಿರಬೇಕಲ್ಲ.

ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟೆ. ಪಾಸ್‌ವರ್ಡು ನನ್ನ ತಾಯಿಯ ಹೆಸರು, ಶಿವರುದ್ರಮ್ಮ, ಮುಂದೆ ನೂರೆಂಟು. ಭವ್ಯಳ ಮನೆಯದು ಮಾತ್ರವಲ್ಲ. ನಾಲ್ಕು ತಾಲ್ಲೂಕಿನಲ್ಲಿ ನಾನು ಹಾಕಿದ ಪ್ರತಿಯೊಂದು ಮನೆ, ಅಂಗಡಿ, ಹಾಲಿನ ಡೇರಿ, ಎಲ್ಲದಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡು. ಯಾರಾದರೂ ಫೋನು ಮಾಡಿ ಮರೆತುಹೋಯ್ತು ಎಂದರೆ ಹುಡುಕುವ ತಾಪತ್ರಯವಿಲ್ಲ. ಜನ ಮೆಚ್ಚಿಕೊಂಡಿದ್ದರು. ನಾನೂ ಮೆಚ್ಚಿಕೊಂಡಿದ್ದೆ. ಅಮ್ಮನ ಹೆಸರು ಮನೆಮನೆಯಲ್ಲೂ ಇದೆ ಎಂದು ಜಂಬ ಬೇರೆ ಪಡುತ್ತಿದ್ದೆ.

"ಏನಾಯ್ತು ಸರ್?" ಎಂದಳು ಭವ್ಯ.

"ಏನಿಲ್ಲ. ಈಗ ಲಾಗಿನ್ ಮಾಡು. ಹೆಂಗೆ ಮಾಡ್ತೀಯೋ ಹಂಗೇ ಮಾಡು, ನಾನು ನೋಡ್ತೀನಿ."

ಅವಳು ಜಾಲತಾಣದ ವಿಳಾಸ ಹೊಡೆದಳು. ಪರದೆಯ ತುಂಬ ಕೆಂಪು ಪುಟ ಬಂತು. ಈ ಸಂಪರ್ಕ ಸುರಕ್ಷಿತವಲ್ಲ, ನಿಮ್ಮ ಗುಟ್ಟನ್ನು ಯಾರೋ ಕದಿಯುತ್ತಿರಬಹುದು ಎಂದು ದೊಡ್ಡ ಅಕ್ಷರದಲ್ಲಿ ಹೇಳುವ ಪುಟ. ಭವ್ಯ ಅದನ್ನು ಓದಲೂ ಇಲ್ಲ. ಅವಳ ಬೆರಳು ತಾನಾಗಿ ಕೆಳಗಿನ ಗುಂಡಿ ಒತ್ತಿತು, ಮುಂದುವರಿ ಎಂಬುದನ್ನು ಒತ್ತಿತು, ಆಮೇಲೆ ಸರ್ಕಾರಿ ಪುಟದ ಹಾಗೇ ಕಾಣುವ ಒಂದು ಪುಟ ತೆರೆದು ಹೆಸರು, ಪಾಸ್‌ವರ್ಡು, ಫೋನಿಗೆ ಬರುವ ಓಟಿಪಿ ಕೇಳಿತು.

"ನಿಲ್ಸು," ಎಂದೆ.

ಅವಳು ಕೈ ತೆಗೆದಳು.

"ಆ ಕೆಂಪು ಪುಟ ದಾಟಿ ಹೋಗೋದು ಯಾರು ಹೇಳ್ಕೊಟ್ರು ನಿಂಗೆ?"

ಭವ್ಯ ನನ್ನ ಮುಖ ನೋಡಿದಳು. ಪರೀಕ್ಷೆಯಲ್ಲಿ ಸರಿಯಾಗಿ ಬರೆದಿದ್ದಕ್ಕೂ ಮೇಷ್ಟರು ಬೈದರೆ ಮಕ್ಕಳು ನೋಡುವ ಹಾಗೆ.

"ನೀವೇ ಸರ್."

ನೆನಪಾಯಿತು. ಒಂದೂವರೆ ವರ್ಷದ ಹಿಂದೆ ಈ ಲ್ಯಾಪ್‌ಟಾಪಿನ ಗಡಿಯಾರದ ಸೆಲ್ ಸತ್ತಿತ್ತು. ತಾರೀಖು ತಪ್ಪಾದರೆ ಎಲ್ಲ ಜಾಲತಾಣಕ್ಕೂ ಕೆಂಪು ಪುಟ ಬರುತ್ತದೆ. ಆವತ್ತು ನನ್ನ ಚೀಲದಲ್ಲಿ ಸೆಲ್ ಇರಲಿಲ್ಲ. ಕೊರಟಗೆರೆಗೆ ಹೋದರೆ ಸಿಗುತ್ತಿತ್ತು, ಬಿಸಿಲಿತ್ತು, ಹೋಗಲಿಲ್ಲ. "ಕೆಂಪು ಬಂದ್ರೆ ಹೆದರ್ಬೇಡ, ಇದನ್ನ ಒತ್ತಿ ಅದನ್ನ ಒತ್ತು, ಆಯ್ತು," ಎಂದು ಹೇಳಿಕೊಟ್ಟಿದ್ದೆ. ತಿಂಗಳು ಬಿಟ್ಟು ಸೆಲ್ ಹಾಕಿದೆ. ಇನ್ನು ಮೇಲೆ ಒತ್ತಬೇಡ ಎಂದು ಹೇಳುವುದು ಮರೆತೆ.

ಮರೆತೆ ಎನ್ನುವುದೂ ಸುಳ್ಳು. ನೆನಪೇ ಮಾಡಿಕೊಳ್ಳಲಿಲ್ಲ.

ಅಂದರೆ ವೈಫೈ ಹೋದಾಗೆಲ್ಲ ವೈಫೈ ಹೋಗುತ್ತಿರಲಿಲ್ಲ. ಭವ್ಯಳ ಲಾಗಿನ್ನು ಹೋಗುತ್ತಿತ್ತು. ರಾಹುಕಾಲದಲ್ಲಿ ಅರ್ಜಿ ಹಾಕಲು ಯಾರೂ ಬರುವುದಿಲ್ಲ, ಅಂಗಡಿ ಖಾಲಿ, ಅವಳು ಬಾಕಿ ಅರ್ಜಿಗಳನ್ನು ಮುಗಿಸಲು ಅದೇ ಹೊತ್ತಿನಲ್ಲಿ ಲಾಗಿನ್ ಆಗುತ್ತಿದ್ದಳು. ಕಳ್ಳ ಕೇಳಿದ್ದನ್ನೆಲ್ಲ ತಾನೇ ಕೈಯಾರೆ ಹೊಡೆದು ಕೊಟ್ಟು, ಅತ್ತ ಕಡೆ ಕೆಲಸವಾಗುವವರೆಗೆ ಇಲ್ಲಿ ಸುತ್ತುವ ಚಕ್ರ ನೋಡುತ್ತ ಕೂರುತ್ತಿದ್ದಳು.

"ಸರ್, ನಾನು ಜೈಲಿಗೆ ಹೋಗ್ತೀನಾ?" ಎಂದಳು. "ಮಗು ಇನ್ನೂ ಹಾಲು ಬಿಟ್ಟಿಲ್ಲ."

ಎದ್ದು ಹೊರಗೆ ಬಂದೆ.

ಆ ಪಾಸ್‌ವರ್ಡು ಅಂಗಡಿಯ ಮಟ್ಟಿಗೆ ಮೂವರಿಗೆ ಗೊತ್ತು. ನನಗೆ. ಅಂಗಡಿಯ ಫೋನು ಎತ್ತುವ, ಹೊಸ ರೂಟರುಗಳಿಗೆ ಹೆಸರು ತುಂಬಿಸಿಕೊಡುವ ನನ್ನ ಹೆಂಡತಿ, ಪಾವಗಡದ ಕಡೆಯ ಚೈತ್ರಳಿಗೆ. ಮತ್ತೆ ಲಕ್ಷ್ಮೀಪತಿಗೆ. ಗಿರಾಕಿಗಳಿಗೂ ತಂತಮ್ಮ ಮನೆಯದು ಗೊತ್ತು, ಆದರೆ ಎಲ್ಲರ ಮನೆಯದೂ ಒಂದೇ ಎಂದು ಗೊತ್ತಿದ್ದದ್ದು ನಮಗೆ ಮೂವರಿಗೇ. ಐದು ವರ್ಷ ನನ್ನ ಜೊತೆ ತಂತಿ ಎಳೆದವನು ಲಕ್ಷ್ಮೀಪತಿ, ಹೋದ ವರ್ಷ ಜಗಳವಾಡಿಕೊಂಡು ಹೋಗಿ ಶಿರಾದಲ್ಲಿ ಅಂಗಡಿ ಹಾಕಿದ್ದಾನೆ. ನನಗೆ ಇನ್ನೇನು ಬೇಕು. ನಿಂತ ನಿಲುವಿನಲ್ಲೇ ಫೋನು ಮಾಡಿದೆ.

"ಲೇ ಲಕ್ಷ್ಮೀಪತಿ, ಎಲ್ಲಿದ್ದೀಯ ನೀನು?"

"ಅಂಗ್ಡಿಯಾಗೆ. ಯಾಕಣ್ಣ?"

"ನನ್ನ ಪಾಸ್‌ವರ್ಡ್ ಇಟ್ಕೊಂಡು ಏನ್ ಆಟ ಆಡ್ತಿದ್ದೀಯ? ಇಲ್ಲೊಂದು ಹೆಣ್ಣುಮಗಳು ಜೈಲಿಗೆ ಹೊಂಟವ್ಳೆ."

ಲಕ್ಷ್ಮೀಪತಿ ಬಹಳ ನಿಧಾನವಾಗಿ ಮಾತಾಡಿದ.

"ಖಾಲಿಪೀಲಿ ನನ್ ಮ್ಯಾಲೆ ಹಾಕ್ಬ್ಯಾಡ ಕುಮಾರಣ್ಣ. ನಾವು ಯಾಕೆ ಜಗಳ ಆಡಿದ್ವಿ, ಮರ್ತೋಯ್ತಾ?"

"ನೀನು ಗಿರಾಕಿ ಮುಂದೆ ನನ್ನ ಮರ್ಯಾದೆ ತೆಗೆದೆ."

"ಏನಂತ ತೆಗೆದೆ? ಎಲ್ಲ ಮನೇಗೂ ಒಂದೇ ಬೀಗದ ಕೈ ಕೊಡಬ್ಯಾಡ, ಬ್ಯಾರೆ ಬ್ಯಾರೆ ಪಾಸ್‌ವರ್ಡ್ ಮಾಡಾನ ಅಂದೆ. ನೀನು ಅಮ್ಮನ ಹೆಸ್ರು ತೆಗೆಯಾಕೆ ನೀನ್ಯಾವನ್ಲಾ ಅಂತ ಕಪಾಳಕ್ಕೆ ಹೊಡ್ದೆ. ನೋಡಣ್ಣ, ನಿನ್ನ ಮನೆ ಪಾಸ್‌ವರ್ಡು ಇವತ್ತಿಗೂ ನಂಗೊತ್ತು. ಒಂದಿನ ಮುಟ್ಟಿಲ್ಲ. ಫೋನ್ ಇಡ್ಲಾ?"

ಇಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಊರವರ ಹೆಗಲೆಲ್ಲ ಮುಟ್ಟಿ ನೋಡುತ್ತಿದ್ದೆ, ಬೂದಿ ಅಂಟಿದ್ದು ನನ್ನ ಹೆಗಲಿಗೇ.

ಗಂಟೆ ಹನ್ನೊಂದು ದಾಟಿತ್ತು. ಫೋನಿನ ಆ್ಯಪ್ ತೆರೆದು ಎರಡನೆಯ ಕೆಎಸ್ ನೆಟ್ಟಿನ ಬೆನ್ನು ಹತ್ತಿದೆ. ಅದರಲ್ಲಿ ಒಂದು ಅಂಕಿ ಬರುತ್ತದೆ. ಪೆಟ್ಟಿಗೆ ಹತ್ತಿರವಾದಷ್ಟೂ ಅಂಕಿ ಚಿಕ್ಕದಾಗುತ್ತದೆ.

ಮನೆಯ ಹಿಂದೆ ಎಪ್ಪತ್ತೊಂದು. ಎದುರು ಮನೆಯ ಕೊಟ್ಟಿಗೆಯ ಹತ್ತಿರ ಅರವತ್ತಾರು. ರಸ್ತೆಗೆ ಬಂದೆ. ಗೊರವನಹಳ್ಳಿಯ ದೇವಿ ಗುಡಿಗೆ ಹೋಗುವ ಬಸ್ಸು ನಿಂತಿತ್ತು, ಶುಕ್ರವಾರವಲ್ಲವೇ, ಎಲ್ಲ ಕಿಟಕಿಯಲ್ಲೂ ಹೆಂಗಸರು, ಮಡಿಲಲ್ಲಿ ಹೂವಿನ ಬುಟ್ಟಿ. ಬಸ್ಸಿನಲ್ಲಿ ಯಾರೋ ಇರಬಹುದೇ ಎಂದುಕೊಂಡೆ. ಬಸ್ಸು ಹೋಯಿತು, ಅಂಕಿ ಕದಲಲಿಲ್ಲ.

ಮತ್ತೆ ಭವ್ಯಳ ಮನೆಯ ಕಡೆ ತಿರುಗಿದೆ. ಐವತ್ತು. ನಲವತ್ಮೂರು. ಜಗಲಿಯ ಹತ್ತಿರ ಮೂವತ್ತೈದು. ಇಪ್ಪತ್ತೆಂಟು.

ಜಗಲಿಯ ಮೇಲೆ, ಭವ್ಯಳ ಕಿಟಕಿಗೆ ಬೆನ್ನು ಕೊಟ್ಟು, ನಂದೀಶ್ವರಯ್ಯ ಪೇಪರು ಓದುತ್ತ ಕೂತಿದ್ದರು. ಪಕ್ಕದಲ್ಲಿ ಅವರ ಬಟ್ಟೆಯ ಚೀಲ.

ನಂದೀಶ್ವರಯ್ಯ ಪತ್ರ ಬರಹಗಾರರು. ಎದುರು ಸಾಲಿನಲ್ಲಿ ಅವರ ಮೇಜು. ಎಪ್ಪತ್ತರ ಹತ್ತಿರ ವಯಸ್ಸು, ಹಣೆಗೆ ಮೂರು ಬೆರಳಿನ ವಿಭೂತಿ, ಕ್ರಯಪತ್ರವಾಗಲಿ ವಿಭಾಗಪತ್ರವಾಗಲಿ ಅವರ ಅಕ್ಷರದಲ್ಲಿದ್ದರೆ ಸಾಹೇಬರು ಓದದೆ ರುಜು ಹಾಕುತ್ತಾರೆ ಎಂದು ಮಾತು. ರಾಹುಕಾಲದಲ್ಲಿ ಅವರು ಪೆನ್ನು ಮುಟ್ಟುವುದಿಲ್ಲ. ಬರೆಸುವವರೂ ಬರುವುದಿಲ್ಲ. ಆ ಒಂದೂವರೆ ಗಂಟೆ ಮೇಜಿಗೆ ಬಟ್ಟೆ ಹೊದಿಸಿ, ಚೀಲ ತಗುಲಿಸಿಕೊಂಡು, ಇಲ್ಲಿ ನೆರಳಿದೆ ಎಂದು ಈ ಜಗಲಿಗೆ ಬಂದು ಕೂರುತ್ತಾರೆ. ನನಗೂ ಗೊತ್ತಿತ್ತು. ಊರಿಗೇ ಗೊತ್ತಿತ್ತು.

"ಅಯ್ನೋರೇ, ಚೀಲದಲ್ಲಿ ಏನೈತೆ?" ಎಂದೆ.

"ಛಾಪಾ ಕಾಗ್ದ. ಎಲೆಅಡ್ಕೆ. ಯಾಕಪ್ಪಾ?"

"ತೆಗೀರಿ."

ಕನ್ನಡಕದ ಮೇಲಿನಿಂದ ನೋಡಿದರು. "ಕುಮಾರಸ್ವಾಮಿ, ನಿಮ್ಮಪ್ಪ ನನ್ನ ಹತ್ರ ಹಿಂಗೆ ಮಾತಾಡಿದೋರಲ್ಲ."

"ನಮ್ಮಪ್ಪ ಇಲ್ಲ ಈಗ. ತೆಗೀರಿ."

ತೆಗೆಯಲಿಲ್ಲ. ನಾನೇ ಕೈ ಹಾಕಿದೆ. ಕಾಗದದ ಕಟ್ಟು, ವಿಭೂತಿಯ ಗಟ್ಟಿ, ಕನ್ನಡಕದ ಡಬ್ಬಿ, ಅದರ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಒಂದು ನೀಲಿ ದೀಪ ಮಿಣುಕುತ್ತಿತ್ತು. ಸಿಮ್ ಹಾಕಿ ಜೇಬಿನಲ್ಲಿಟ್ಟುಕೊಂಡು ಹೋಗುವ ವೈಫೈ.

"ಇದೇನು?"

"ಅದಾ, ಸಿಗ್ನಲ್ಲಿಂದು. ಮೊಮ್ಮಗಳು ವಿಡಿಯೋ ಕಾಲ್ ಮಾಡ್ತಾಳೆ, ನನ್ನ ಫೋನಿಗೆ ನೆಟ್ ಸಿಗ್ತಿರ್ಲಿಲ್ಲ. ಇದು ಜೊತೇಲಿದ್ರೆ ಚೆನ್ನಾಗ್ ಬರ್ತದೆ. ರಾತ್ರಿ ಚಾರ್ಜಿಗೆ ಹಾಕಿ, ಹಗಲೆಲ್ಲ ಆನ್ ಮಾಡಿಟ್ಕೊಳಿ ಅಂದ್ರು. ಇಟ್ಕೊಂಡಿದ್ದೀನಿ."

"ಯಾರಂದ್ರು?"

ಪೇಪರನ್ನು ಮಡಿಸಿದರು. ಇನ್ನೊಂದು ಮಡಿಕೆ ಮಡಿಸಿದರು.

ನಾನು ಜಗಲಿಯ ಮೇಲೆ ಅವರ ಎದುರಿಗೆ ಕೂತು, ಪೆಟ್ಟಿಗೆಯಿಂದ ಏನಾಗಿದೆ ಎಂದು ಬಿಡಿಸಿ ಹೇಳಿದೆ. ನೀವು ಬಂದು ಕೂತಾಗೆಲ್ಲ ಒಳಗಿನ ಲ್ಯಾಪ್‌ಟಾಪು ನಿಮ್ಮ ಚೀಲಕ್ಕೆ ಬರುತ್ತದೆ, ಅಲ್ಲಿಂದ ಬೇರೆಯವರ ಕೈಗೆ ಹೋಗುತ್ತದೆ, ಕೆಂಚಮ್ಮನ ಭೂಮಿ ಹೋದದ್ದು ಈ ಚೀಲದೊಳಗಿನಿಂದ ಎಂದೆ. ಕೇಳುತ್ತ ಕೇಳುತ್ತ ಅವರು ಚೀಲವನ್ನು ತಮ್ಮಿಂದ ದೂರ ಸರಿಸಿದರು.

"ಆ ಹಕ್ಕು ಬಿಟ್ಟ ಪತ್ರ ಬರ್ದಿದ್ದು ನೀವೇ ತಾನೆ?" ಎಂದೆ. ಪತ್ರದ ನಕಲು ನಾನು ನೋಡಿದ್ದೆ. ಮುತ್ತಿನಂಥ ಅಕ್ಷರ, ಆ ಅಕ್ಷರ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರದಿಲ್ಲ.

"ನಾನೇ."

"ಕೆಂಚಮ್ಮ ಬಂದಿದ್ಲಾ ಬರ್ಸೋಕೆ?"

"ಇಲ್ಲ."

"ಹೆಬ್ಬೆಟ್ಟು ಒತ್ತಿದ್ದು ನೋಡಿದ್ರಾ?"

"ನಾನು ಬರೆಯೋನು ಕುಮಾರಸ್ವಾಮಿ. ಬೊಟ್ಟು ನೋಡೋನಲ್ಲ. ಚೀಟೀಲಿ ಹೆಸರು, ಸರ್ವೆ ನಂಬರು ಬರ್ಕೊಂಡು ಬಂದು ಕೊಟ್ರು, ಬರ್ದೆ. ನಲ್ವತ್ತು ವರ್ಷದಿಂದ ಹಂಗೇ ಬರ್ದಿದ್ದೀನಿ." ಅವರು ಕನ್ನಡಕ ತೆಗೆದರು. "ಆಯಮ್ಮ ದಿನಾ ನನ್ನ ಮುಂದೇನೇ ಹಾದು ಬಂದು ಈ ಬಾಗ್ಲಲ್ಲಿ ಕೂರ್ತಾಳೆ. ಮೂರು ವಾರದಿಂದ ಅವಳ ಮುಖ ನೋಡೋಕಾಗ್ದೆ ಪೇಪರ್ ಅಡ್ಡ ಹಿಡ್ಕೊಂಡು ಕೂತಿದ್ದೀನಿ. ಓದೋದೇನೂ ಇಲ್ಲ ಇದ್ರಲ್ಲಿ."

"ಚೀಟಿ ತಂದೋರು, ಈ ಪೆಟ್ಟಿಗೆ ಕೊಟ್ಟೋರು, ಒಬ್ಬರೇನಾ?"

"ಹೂಂ."

"ಹೆಸರು ಹೇಳಿ."

"ಆ ಹೆಸರು ನನ್ನ ಬಾಯಲ್ಲಿ ಬರೋದು ಬೇಡ. ನಿನಗೇ ಒಳ್ಳೇದಲ್ಲ."

"ನನ್ನ ಒಳ್ಳೇದು ನೀವು ನೋಡ್ಬೇಡಿ. ಒಳಗೆ ಒಂದು ಹುಡುಗಿ ಜೈಲಿಗೆ ಹೋಗೋಳಿದ್ದಾಳೆ."

"ಗೊತ್ತು," ಎಂದರು. "ಆದ್ರೂ ಕೇಳ್ತಿದ್ದೀನಿ, ಬಿಟ್ಬಿಡು ಅಂತ."

ಹೆದರಿಸುತ್ತಿದ್ದಾರೆ ಎಂದುಕೊಂಡೆ. ಮುದುಕರು ಸಿಕ್ಕಿಹಾಕಿಕೊಂಡರೆ ಹೀಗೇ ಒಗಟು ಮಾತಾಡುವುದು. ಇನ್ನೆರಡು ಮಾತು ಜೋರಾಗಿ ಆಡುತ್ತಿದ್ದೆ. ಅಷ್ಟರಲ್ಲಿ ಜೀಪು ಬಂದು ನಿಂತಿತು. ಹನ್ನೊಂದೂ ನಲವತ್ತು. ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ಮುಂಚೆ.

ಆಶಾರಾಣಿಯವರು ಇಳಿದರು. ನಲವತ್ತು ದಾಟಿದ, ಮಾತು ಕಡಿಮೆ ಆಡುವ ಹೆಂಗಸು. ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿದರು, ಏನೂ ಕೇಳದೆ ಅದನ್ನು ತೆಗೆದುಕೊಂಡು ಒಳಗೆ ಹೋದರು. ನಾವಿಬ್ಬರೂ ಹಿಂದೆ ಹೋದೆವು.

ಭವ್ಯ ಎದ್ದು ನಿಂತಿದ್ದಳು. ಪರದೆಯ ಮೇಲೆ ಆ ನಕಲಿ ಪುಟ ಹಾಗೇ ಇತ್ತು. ನಾನು ವಿಷಯವನ್ನೆಲ್ಲ ಹೇಳಿದೆ. ಎರಡು ವೈಫೈ, ಚೀಲ, ಕೆಂಪು ಪುಟ. ಆದರೆ ನೋಡಿ, ಹೇಳುವಾಗ ಎಲ್ಲವನ್ನೂ ಹೇಳಿ ಒಂದನ್ನು ಬಿಟ್ಟೆ. ಬೇಕೆಂದು ಬಿಟ್ಟೆನೋ, ನಾಲಿಗೆ ತಾನಾಗಿ ಹಾರಿತೋ, ಆಗ ಗೊತ್ತಾಗಲಿಲ್ಲ. ಈಗ ಕೇಳಿದರೆ ಬೇಕೆಂದೇ.

ಆಶಾರಾಣಿ ಭವ್ಯಳ ಕಡೆ ತಿರುಗಿದರು. "ಇಷ್ಟು ದೊಡ್ಡ ಅಕ್ಷರದಲ್ಲಿ ಕಳ್ಳತನ ಆಗಬಹುದು ಅಂತ ಬರೆದಿರುತ್ತಲ್ಲಮ್ಮ. ಎರಡು ತಿಂಗಳು ದಿನಾ ದಾಟಿ ಹೋಗಿದ್ದೀಯ. ಓದಿದವಳು ನೀನು. ಗೊತ್ತಿದ್ದೇ ಬಿಟ್ಟುಕೊಟ್ಟೆ ಅಂತ ನಾನು ಬರ್ಕೋಬೇಕಾ?"

ಭವ್ಯ ಲ್ಯಾಪ್‌ಟಾಪಿನ ಪರದೆಯನ್ನು ಅರ್ಧ ಮುಚ್ಚಿದಳು.

"ದಾಟೋಕೆ ಯಾರಾದರೂ ಹೇಳಿದ್ರಾ?"

ಭವ್ಯ ನನ್ನ ಕಡೆ ನೋಡಲಿಲ್ಲ. ನೋಡದಿರಲು ಅವಳು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು.

"ಇಲ್ಲ ಮೇಡಂ. ನನಗೇ ಗೊತ್ತಾಗ್ಲಿಲ್ಲ."

"ಯೋಚನೆ ಮಾಡಿ ಹೇಳು."

"ಯಾರೂ ಹೇಳಿಲ್ಲ ಮೇಡಂ."

ನನಗೆ ನಾಚಿಕೆಯಾಯಿತು. ಮೂರು ಸಲ ಬಂದು, ನಿನ್ನ ಲ್ಯಾಪ್‌ಟಾಪು ಸರಿಯಿಲ್ಲ ಎಂದು ಗದರಿ ಹೋದವನನ್ನು ಈ ಹುಡುಗಿ ಕಾಪಾಡುತ್ತಿದ್ದಳು. ಯಾಕೆ? ಬಿಸಿಲಲ್ಲಿ ಮಧುಗಿರಿಯಿಂದ ಬರುತ್ತಾರೆ, ಪಾಪ, ಎಂದುಕೊಂಡಿರಬೇಕು. ಒಳಗಡೆ ಮಗು ಎದ್ದು ಅಳತೊಡಗಿತು. ಭವ್ಯ ಆ ಕಡೆ ಹೆಜ್ಜೆ ಎತ್ತಿ ಹಾಗೇ ನಿಂತಳು.

"ನಾನು ಹೇಳಿದ್ದು ಮೇಡಂ," ಎಂದೆ.

ಹೇಳಿದ ಮೇಲೆ ಉಳಿದದ್ದೂ ಹೊರಗೆ ಬಂತು. ಸತ್ತ ಸೆಲ್ಲು, ಕೆಂಪು ಪುಟ ಒತ್ತಲು ಕಲಿಸಿದ್ದು, ನಾಲ್ಕು ತಾಲ್ಲೂಕಿಗೂ ಒಂದೇ ಪಾಸ್‌ವರ್ಡು, ಬೇಡವೆಂದ ಲಕ್ಷ್ಮೀಪತಿಯ ಕಪಾಳಕ್ಕೆ ಹೊಡೆದದ್ದು. ಆಶಾರಾಣಿ ಕೂತು ಒಂದೊಂದೂ ಬರೆದುಕೊಂಡರು. ಓದಿ ಹೇಳಿದರು. ರುಜು ಹಾಕಿದೆ. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಕೆಂಚಮ್ಮ ಬಾಗಿಲಿಂದ ಎದ್ದು ಬಂದು ಭವ್ಯಳ ತಲೆ ಸವರಿ, "ನುವ್ವು ಹೋಗಮ್ಮಾ, ಪಾಪಂಗೆ ಹಾಲು ಕುಡ್ಸು," ಎಂದಳು. ಭವ್ಯ ಆಶಾರಾಣಿಯವರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ಓಡಿದಳು.

"ಈಗ ಒಂದು ಮಾತು," ಎಂದರು ಆಶಾರಾಣಿ. "ನಾನು ಇವತ್ತು ಆ ಹುಡುಗೀನ ಕರ್ಕೊಂಡು ಹೋಗೋಕೆ ಬರಲಿಲ್ಲ. ಆ ಲಾಗಿನ್ ಈ ಮನೆಯ ಲೈನಿಂದ ಆಗಿಲ್ಲ, ಒಂದು ಮೊಬೈಲ್ ಸಿಮ್ಮಿಂದ ಆಗಿದೆ ಅಂತ ಬೆಳಿಗ್ಗೆ ವರದಿ ಬಂತು. ಸಿಮ್ಮಿನ ಮಾಲೀಕರ ಹೆಸರೂ ಬಂತು. ಹುಡುಗಿ ಅವರ ಜೊತೆ ಸೇರಿದ್ದಾಳಾ ಇಲ್ಲವಾ, ಅದೊಂದು ತಿಳೀಬೇಕಿತ್ತು. ನೀವು ತಿಳಿಸಿದ್ರಿ."

ಪೆಟ್ಟಿಗೆಯ ಹಿಂಬದಿ ಬಿಚ್ಚಿ ಸಿಮ್ ತೆಗೆದು ಮೇಜಿನ ಮೇಲಿಟ್ಟರು. ಕಾಗದ ನೋಡಿಕೊಂಡು ನಂಬರು ಓದಿದರು.

ಕೊನೆಯ ನಾಲ್ಕು ಅಂಕಿಯನ್ನು ಅವರು ಓದುವ ಮೊದಲೇ ನಾನು ಮನಸ್ಸಿನಲ್ಲಿ ಹೇಳಿ ಮುಗಿಸಿದ್ದೆ.

"ಮಾಲೀಕರು, ಕುಮಾರಸ್ವಾಮಿ, ಮಧುಗಿರಿ," ಎಂದರು ಆಶಾರಾಣಿ. "ನೀವೇ ತಾನೆ?"

ನನ್ನ ಹೆಸರಲ್ಲೇ ತೆಗೆದದ್ದು. ಎರಡು ವರ್ಷದ ಹಿಂದೆ, ನನ್ನದೇ ಹೆಬ್ಬೆಟ್ಟು ಕೊಟ್ಟು. ತೆಗೆದು ಚೈತ್ರಳ ಕೈಗೆ ಕೊಟ್ಟಿದ್ದೆ, ಅಂಗಡಿಯ ಫೋನಿಗೆ ಇರಲಿ ಎಂದು. ಸಿಗ್ನಲ್ ಬರಲ್ಲ, ಎತ್ತಿಟ್ಟಿದ್ದೀನಿ ಎಂದಿದ್ದಳು. ನಾನು ಆಮೇಲೆ ಕೇಳಲಿಲ್ಲ. ಅವಳನ್ನು ನಾನು ಏನನ್ನೂ ಕೇಳುವುದಿಲ್ಲ. ಬೆಳಿಗ್ಗೆ ಹೋಗುತ್ತೇನೆ, ಸಂಜೆ ಬರುತ್ತೇನೆ, ಗದರುತ್ತೇನೆ, ಉಣ್ಣುತ್ತೇನೆ. ಹನ್ನೆರಡು ವರ್ಷವಾಯಿತು, ಪಾವಗಡದ ತಿರುಮಣಿಯಲ್ಲಿ ಅವಳ ತವರಿನವರು ಬದುಕಿದ್ದಾರಾ ಎಂದೂ ಕೇಳಿದ್ದಿಲ್ಲ.

"ಇದು ಯಾರ ಹತ್ರ ಇತ್ತು ಕುಮಾರಸ್ವಾಮಿಯವರೇ?"

ಈಗ ತಾನೆ ನಿಜ ಹೇಳಿದ ಬಾಯಿ ಅದು. ರುಜುವಿನ ಮಸಿ ಇನ್ನೂ ಆರಿರಲಿಲ್ಲ.

"ನನ್ನ ಹತ್ರಾನೇ ಇತ್ತು," ಎಂದೆ.

ಆಶಾರಾಣಿ ಪೆನ್ನು ತೆಗೆದು ಅದನ್ನೂ ಬರೆದುಕೊಂಡರು. "ಹಾಗಾದ್ರೆ ನೀವು ಜೀಪು ಹತ್ತಬೇಕಾಗುತ್ತೆ," ಎಂದರು.

ಎದ್ದೆ. ಬಾಗಿಲ ಹತ್ತಿರ ನಂದೀಶ್ವರಯ್ಯ ಅಡ್ಡ ನಿಂತಿದ್ದರು. ಕೆಂಚಮ್ಮನ ಮುಖವನ್ನು ಅವರು ಮೊದಲ ಸಲ ನೇರವಾಗಿ ನೋಡುತ್ತಿದ್ದರು. ಹೇಳಬೇಡಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರಿಗೆ ಅರ್ಥವಾಯಿತು, ಆದರೆ ಅವರು ತಲೆ ಅಲ್ಲಾಡಿಸಿ ಇಲ್ಲವೆಂದರು.

"ಮೇಡಂ, ನಂದೂ ಒಂದು ಹೇಳಿಕೆ ಬರ್ಕೊಳ್ಳಿ," ಎಂದರು. "ನನಗೆ ಈ ಪೆಟ್ಟಿಗೆ ಕೊಟ್ಟೋರು ಗಂಡಸಲ್ಲ."